ಕೆಂಪು ದೀಪಾನೂ ಬ್ಯಾಡ

ಬಾಕಳೆ ಸ್ಟುಡಿಯೋದ ಡಾರ್ಕ್ ರೂಮು
ಹದಿನಾರು ವರ್ಷಾತು, ಯಾರ ಮಾರೀನೂ ತೊಳದಿಲ್ಲ.
ಗ್ವಾಡಿಗೆ ಹೈಪೋದ ಹಳದಿ ಕಲಿ,
ತಂತಿ ಮ್ಯಾಲ ಒಂದೆರಡು ಖಾಲಿ ಕ್ಲಿಪ್ಪು.
ಈಗ ಮುಂದಿನ ಕೋಲ್ಯಾಗ ಪಾಸ್‌ಪೋರ್ಟ್ ಫೋಟೋ
ಐದು ಮಿನಿಟಿಗೆ ಎಂಟು ಬಂದು ಬೀಳತಾವ.
ಈ ಕೋಲಿ ನನಗ ಕೊಡ್ರಿ ಅಂದೆ.
ಉಪ್ಪಿನಕಾಯಿ ಇಡಾಕಂತ ತಿಳದ್ರು.

ನಾ ತಂದದ್ದು ಕಲಾಂಚೊ.
ನರ್ಸರಿ ಹುಡುಗ ಹಂಗಂದ. ನಮ್ಮತ್ತಿ ಕಳಂಜಿ ಅಂದ್ರು, ಅದಽ ಉಳೀತು.
ದಪ್ಪನ್ನ ಎಲಿ, ಮುಟ್ಟಿದರ ಬೆರಳಿಗೆ ತಣ್ಣಗ.
ಗದಗಿನ್ಯಾಗ ನಮಗ ನಳ ಬರೂದು ಎಂಟ್ಹತ್ತು ದಿನಕ್ಕೊಮ್ಮೆ,
ಅದಕ್ಕೂ ಅಷ್ಟಽ ಸಾಕು.
ಕೊಡ, ಬಕೀಟು, ಹಂಡೆ ತುಂಬಿದ ಮ್ಯಾಲ ಅದಕ್ಕೊಂದು ವಾಟಗ.
ಒಮ್ಮೆನೂ ತಕರಾರು ಮಾಡಿಲ್ಲ.
ಎರಡು ಥಂಡಿ ಹೋದವು, ಹೂ ಮಾತ್ರ ಬಿಡಲಿಲ್ಲ.

ಓಣ್ಯಾಗಿನ ಕಂಬಕ್ಕ ಹೊಸಾ ಬಿಳಿ ದೀಪ ಹಾಕಿದಾಗಿಂದ
ನಮ್ಮ ಕಿಟಿಕ್ಯಾಗ ರಾತ್ರಿ ಅನ್ನೂದಽ ಆಗವಲ್ದು.
ಕಳಂಜಿಗೆ ಹದಿನಾಲ್ಕು ತಾಸು ಕತ್ತಲಿ ಬೇಕಂತ,
ಆರು ವಾರ. ನಡುವ ಕಡ್ಡಿ ಗೀರೂದೂ ಬ್ಯಾಡ.
ಶೀಗಿ ಹುಣ್ಣಿಮಿ ಮರದಿನ ಚಾಲೂ ಮಾಡಿದೆ:
ಸಂಜಿ ಆರಕ್ಕ ಒಳಗ, ಮುಂಜಾನೆ ಎಂಟಕ್ಕ ಹೊರಗ,
ಸಾಲಿಗೆ ಹುಡುಗನ್ನ ಬಿಟ್ಟು ಕರಕೊಂಡು ಬಂದಂಗ.

ಸ್ವೆಟರ್ ಮಾರಾಕ ಮುಂಡಗೋಡದಿಂದ ಬರೂ ಪಾಲ್ಡನ್
ಈ ಸಲ ಉಣ್ಣಿ ಗಂಟಿನ ಒಳಗಿಂದ ಮೂರು ಗಡ್ಡಿ ತಗದಳು.
ಕಾಲಿಂಪಾಂಗದಿಂದ ಅವಳ ತಂಗಿ ಕಳಿಸಿದ್ದು, ನರ್ಗಿಸ್.
"ತಣ್ಣಗ ಇಡು, ಮರತಬಿಡು" ಅಂದಳು.
ಫ್ರಿಜ್ಜಿನ ಕೆಳಗಿನ ಖಾನ್ಯಾಗ ಇಟ್ಟೆ. ಮರತೆ.
ಐತವಾರ ಖೀಮಾ ಉಂಡಿಗಂತ ಅತ್ತಿ ಈಳಿಗಿ ಮುಂದ ಕುಂತರು.
ಎರಡು ಸೀಳು ಹಾಕಿ ಕೈ ನಿಲ್ಲಿಸಿದ್ರು:
"ಏ ಅಂಬೂ, ಇದೇನ ಉಳ್ಳಾಗಡ್ಡಿ?
ಕಣ್ಣಾಗ ನೀರಽ ಬರವಲ್ದು."

ಇಲ್ಲಂದ್ರ ಅವತ್ತು ಮನಿ ಮಂದಿ ಎಲ್ಲಾ ದವಾಖಾನ್ಯಾಗ.
ನಲವತ್ತು ವರ್ಷ ಈ ಮನಿ ಉಳ್ಳಾಗಡ್ಡಿ ಹೆಚ್ಚಿದ ಕಣ್ಣು
ನಮ್ಮನ್ನ ಉಳಿಸಿತು.
ಗಡ್ಡಿ ಎರಡು ಉಳದವು.

ಆಮ್ಯಾಲ ಇವರ ಸರದಿ.
ಬೆಟಗೇರಿಯ ನೇಕಾರ ಒಬ್ಬಾವ ಬಂದಿದ್ದ:
ನಮ್ಮವ್ವಂದು ಒಂದಽ ಫೋಟೋ, ತೊಂಬತ್ತೊಂದರಾಗ, ನಿಮ್ಮಲ್ಲೇ ತಗಸಿದ್ದು.
ಇವರು ನಾಕು ರಾತ್ರಿ ನೆಗೆಟಿವ್ ಹುಡಿಕ್ಯಾರ,
ನಾ ಮಲಗಿದ ಮ್ಯಾಲ, ಕೆಂಪು ಬಲ್ಬ್ ಹಚ್ಚಿಕೊಂಡು.
ಅಲ್ಲಿದ್ದದ್ದು ಅದೊಂದಽ.
"ಕೆಂಪಲ್ಲೇನ," ಅಂದ್ರು ಸಿಕ್ಕಬಿದ್ದಾಗ,
"ಕೆಂಪಿನ್ಯಾಗ ಏನೂ ಕೆಡೂದಿಲ್ಲ."
ಕಾಗದ ಕೆಡೂದಿಲ್ಲರಿ. ಕಾಗದ ಕೆಂಪಿಗೆ ಕುರುಡು.
ಇದಕ್ಕ ಕೆಂಪಽ ಕಾಣತೈತಿ,
ಕಂಡರ ಬೆಳಗಾತಂತ ತಿಳೀತೈತಿ.
ಮುವ್ವತ್ತು ವರ್ಷ ಕತ್ತಲಿ ಕೂಡ ಬಾಳೇವು ಮಾಡಿದ ಮನಷ್ಯಾ,
ಆ ಡಬ್ಬಿ ನೋಡಿಕೋತ ನಿಂತಬಿಟ್ರು.
ನನ್ನ ಲೆಕ್ಕಾ ಮತ್ತ ಒಂದರಿಂದ.

ಮರದಿನ ಆರಕ್ಕ ನಾ ರೊಟ್ಟಿ ಬಡಿಯಾಕ ಕುಂತಿದ್ದೆ.
ಒಳಗ ಕಪ್ಪು ಪರದೆ ಎಳದ ಸಪ್ಪಳ,
ಆಮ್ಯಾಲ ಚಿಲಕ.
ಹದಿನಾರು ವರ್ಷದ ಹಿಂದ ಈ ಸಪ್ಪಳಾದರ
ಮನ್ಯಾಗ ಯಾರೂ ಅವರನ್ನ ಕರೀತಿರಲಿಲ್ಲ.
ಬಲ್ಬ್ ಬಿಚ್ಚಿ ಕಿಸೇದಾಗ ಇಟ್ಕೊಂಡಿದ್ರು.

ನೇಕಾರಗ ಅವ್ವ ಸಿಕ್ಕಾಳ. ಅಂಗಳದ ಬಿಸಲಿಗೆ ಹಿಡದು ನೋಡಿದ್ವಿ:
ಬೆಳ್ಳನ್ನ ಕೂದಲಾ, ಕರೀ ಹಲ್ಲು,
ಮುಡದ ಮಲ್ಲಿಗಿನೂ ಕರೀದು.

ಎಳ್ಳಮಾಸಿ ದಾಟೇತಿ.
ಡೆವಲಪರ್ ಟ್ರೇದಾಗ ಹಳ್ಳದ ಹಳ್ಳು ಹಾಸಿ
ನೀರು ಸಣ್ಣಗ ಬಿಟ್ಟು ನರ್ಗಿಸ್ ಕುಂದ್ರಿಸೀನಿ.
ಮೊದಲ ಇದರಾಗ ಕಪ್ಪು ಮೂಡತಿತ್ತು,
ಹುಬ್ಬು, ಜಡಿ, ಅಂಗಿ ಗುಂಡಿ. ಮಾರಿ ಕಡೀಕ.
ಈಗ ಒಮ್ಮೆಕಽ ಬಿಳಿ ಬಂದೈತಿ.
ಅತ್ತಿ ದೂರದಿಂದಽ ಮೂಸತಾರ, ಹತ್ರ ಹೋಗೂದಿಲ್ಲ.

ಕಳಂಜಿ ಇನ್ನೂ ಹಸರಽ.
ತುದಿಗೆ ಸಾಸಿವಿಯಷ್ಟು ಏನೋ ಐತಿ,
ಹೂವೋ ಎಲಿಯೋ ಹೇಳಾಕ ಬರವಲ್ದು.
ರಾತ್ರಿ ಎದ್ದು ನೋಡೂಣಂತ ಬಾಗಲಕ ಕೈ ಹಚ್ಚಿದೆ.
ಹಾಸಿಗ್ಯಾಗಿಂದಽ ಅಂದ್ರು: "ಎಂಟಕ್ಕ."